ಗೋಸುಂಬೆ ಸಾಕುವ ಮುನ್ನ ಪಂಜರ: ಗದಗದ ಬಿಸಿಲಿಗೂ ಧಾರವಾಡದ ಮಳೆಗೂ ತಾಳುವ ಹಾಗೆ

"ಅಣ್ಣಾ, ಗೋಸುಂಬೆ ತರಬೇಕಂತ ಮಾಡೀನಿ, ಎಷ್ಟು ದೊಡ್ಡ ಗ್ಲಾಸ್ ಟ್ಯಾಂಕ್ ಬೇಕಾಗ್ತದ?" ಇವತ್ತು ಹುಬ್ಬಳ್ಳಿಯಿಂದ ಒಬ್ಬರು ಕೇಳಿದರೆ ಮುಂದಿನ ವಾರ ಗದಗದಿಂದ ಒಬ್ಬರು, ಅದರ ಮುಂದಿನ ವಾರ ರಾಣೆಬೆನ್ನೂರಿನಿಂದ ಇನ್ನೊಬ್ಬರು. ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಆ ಪ್ರಶ್ನೆಗೆ ನೇರ ಉತ್ತರ: ಗ್ಲಾಸ್ ಟ್ಯಾಂಕ್ ಬೇಡ. ಹಳೆ ಮೀನಿನ ತೊಟ್ಟಿಯಂತೂ ಬೇಡವೇ ಬೇಡ.

ಟೆರೇರಿಯಂ ಎಂದರೆ ಪ್ರಾಣಿ ಮತ್ತು ಗಿಡಗಳನ್ನು ಒಟ್ಟಿಗೆ ಇಡುವ ಮುಚ್ಚಿದ ಪೆಟ್ಟಿಗೆ. ಮೊಬೈಲಿನಲ್ಲಿ ನೀವು ನೋಡುವ ಚೆಂದದ ಟೆರೇರಿಯಂಗಳು ಹೆಚ್ಚಾಗಿ ಚಳಿ ದೇಶದವು. ಅಲ್ಲಿ ಕೋಣೆ ತಣ್ಣಗಿರುತ್ತದೆ, ಒಳಗಿನ ಬಿಸಿ ಹೊರಗೆ ಹೋಗಬಾರದು, ಅದಕ್ಕೆ ಗಾಜು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 37–38 ಡಿಗ್ರಿ. ಅದೇ ಗಾಜಿನ ಪೆಟ್ಟಿಗೆಯನ್ನು ಇಲ್ಲಿ ಇಟ್ಟರೆ ಪ್ರಾಣಿ ಒಳಗೇ ಬೇಯುತ್ತದೆ. ಗಾಳಿ ಆಡದ ಪೆಟ್ಟಿಗೆಯಲ್ಲಿ ತೇವ ನಿಂತು ಗೋಸುಂಬೆಯ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಸಾಲದ್ದಕ್ಕೆ ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು, ಇನ್ನೊಂದು ಗೋಸುಂಬೆ ಬಂದಿದೆ ಎಂದು ದಿನವಿಡೀ ಮೈ ಕಪ್ಪು ಮಾಡಿಕೊಂಡು ಕೂರುತ್ತದೆ. ಬಿಸಿ ಹೊರಗೆ ಕಳಿಸುವುದು, ನೀರು ಕುಡಿಸುವುದು, ಗಾಳಿ ಆಡಿಸುವುದು. ನಮ್ಮ ಊರುಗಳಲ್ಲಿ ಗೋಸುಂಬೆ ಸಾಕುವವರಿಗೆ ಇರುವುದು ಈ ಮೂರು ಕೆಲಸ. ಇವು ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕೆಲಸ ಶುರು ಮಾಡುವ ಮೊದಲು: ಯಾವ ಗೋಸುಂಬೆ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ನಮ್ಮ ಹೊಲದ ಬದುಗಳಲ್ಲಿ, ಕಪ್ಪತಗುಡ್ಡದ ಕುರುಚಲು ಕಾಡಿನಲ್ಲಿ ಸಿಗುವ ಹಸಿರು ಗೋಸುಂಬೆಯನ್ನು ಹಿಡಿದು ಸಾಕುವ ಹಾಗಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಪ್ರಾಣಿ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಡುವುದು ಎಲ್ಲವೂ ಅಪರಾಧ. "ಗಾಯ ಆಗಿತ್ತು, ಅದಕ್ಕೇ ತಂದೆ" ಎನ್ನುವವರೂ ಅದನ್ನು ಮನೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಇಲ್ಲೊಂದು ಗೊಂದಲವೂ ಇದೆ. ಬೇಲಿ ಮೇಲೆ ಕೂತು ತಲೆ ಕುಣಿಸುವ, ಕತ್ತು ಕೆಂಪಗೆ ಮಾಡಿಕೊಳ್ಳುವ ಓತಿಕ್ಯಾತವನ್ನೇ ಎಷ್ಟೋ ಜನ ಗೋಸುಂಬೆ ಎನ್ನುತ್ತಾರೆ. ನಿಜವಾದ ಗೋಸುಂಬೆಯ ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ. ಬಾಲ ಚಕ್ಕುಲಿಯ ಹಾಗೆ ಸುರುಳಿ ಸುತ್ತುತ್ತದೆ. ಪಾದ ಇಕ್ಕಳದ ಹಾಗೆ ಎರಡು ಭಾಗ. ಒಂದು ಹೆಜ್ಜೆ ಇಡಲು ನಾಲ್ಕು ಸಲ ತೂಗಾಡುತ್ತದೆ. ಎರಡಕ್ಕೂ ವಿಷವಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮನೆಯಲ್ಲಿ ಸಾಕುವುದು ಹೊರದೇಶದ ಜಾತಿಗಳನ್ನು. ಹೆಚ್ಚಾಗಿ ಕಾಣುವುದು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆ. ತಲೆ ಮೇಲೆ ಕಿರೀಟದ ಹಾಗೆ ಎತ್ತರದ ಎಲುಬು ಇರುತ್ತದೆ. ಇನ್ನೊಂದು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆ. ಎರಡೂ ಸೈಟಿಸ್ ಪಟ್ಟಿಯಲ್ಲಿವೆ. ಸೈಟಿಸ್ ಎಂದರೆ ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಮೇಲೆ ಹೇಳಿದ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ನಿಮ್ಮ ಕೈಗೆ ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮಾರುವವರ ಹತ್ತಿರ ನೋಂದಣಿ ಕಾಗದ ಕೇಳಿ. "ಕಾಗದ ಆಮೇಲೆ ಕಳಿಸ್ತೀನಿ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಳ್ಳಸಾಗಣೆಯಲ್ಲಿ ಬಂದ ಗೋಸುಂಬೆ ದಾರಿಯಲ್ಲೇ ಅರ್ಧ ಒಣಗಿರುತ್ತದೆ, ಹೊಟ್ಟೆ ತುಂಬ ಹುಳು ಇರುತ್ತವೆ. ಹೆಚ್ಚು ದಿನ ಬಾಳುವುದೂ ಇಲ್ಲ.

ಮುಂದೆ ಬರೆದಿರುವುದೆಲ್ಲ ಬೆಳೆದ ವೇಲ್ಡ್ ಗೋಸುಂಬೆಯನ್ನು ಲೆಕ್ಕದಲ್ಲಿಟ್ಟುಕೊಂಡು. ಒಂದು ಪಂಜರಕ್ಕೆ ಒಂದೇ ಪ್ರಾಣಿ. ಜೋಡಿ ಇಟ್ಟರೆ ಪ್ರೀತಿ ಹುಟ್ಟುವುದಿಲ್ಲ, ಜಗಳ ಹುಟ್ಟುತ್ತದೆ.

ಹಂತ 1: ಜಾಗ ಗೊತ್ತು ಮಾಡಿ

ಪಂಜರ ಬಂದ ಮೇಲೆ ಜಾಗ ಹುಡುಕುವವರೇ ಜಾಸ್ತಿ. ಉಲ್ಟಾ ಮಾಡಿ.

ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಯಾವುದು? ಹಳೆ ಮಣ್ಣಿನ ಗೋಡೆಯ ಮನೆಯಾದರೆ ಪಡಸಾಲೆಯೇ ಸಾಕು. ಆರ್‌ಸಿಸಿ ಮನೆಯಾದರೆ ಮೇಲಿನ ಮಹಡಿ ಬೇಡ. ತಗಡಿನ ಮಾಡು ಇದ್ದರೆ ಈ ಯೋಜನೆಯನ್ನೇ ಇನ್ನೊಮ್ಮೆ ಯೋಚಿಸಿ. ಒಂದು ಥರ್ಮಾಮೀಟರ್ ತಂದು, ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಆ ಕೋಣೆಯಲ್ಲಿ ಎಷ್ಟಿದೆ ನೋಡಿ. ಒಳಗೇ 35 ದಾಟುತ್ತಿದ್ದರೆ ಕೂಲರ್ ಇಲ್ಲದೆ ಆಗುವುದಿಲ್ಲ.

ಪಂಜರದ ಒಂದು ಬದಿಗಾದರೂ ಗೋಡೆ ಇರಲಿ. ನಾಲ್ಕೂ ಕಡೆ ಜನ ಓಡಾಡಿದರೆ ಅದಕ್ಕೆ ಅಡಗಲು ಜಾಗವೇ ಇರುವುದಿಲ್ಲ. ಪಂಜರವನ್ನು ನೆಲದ ಮೇಲಿಡಬೇಡಿ. ಮೇಜಿನ ಮೇಲಿಟ್ಟು, ಅದು ಕೂರುವ ಕೊಂಬೆ ನಿಮ್ಮ ಕಣ್ಣಿಗಿಂತ ಮೇಲೆ ಬರುವ ಹಾಗೆ ಮಾಡಿ. ಮರದ ಪ್ರಾಣಿ ಅದು. ಮೇಲಿನಿಂದ ಬಗ್ಗಿ ನೋಡುವವರನ್ನೆಲ್ಲ ಹದ್ದು ಎಂದೇ ತಿಳಿಯುತ್ತದೆ.

ಅಡುಗೆಮನೆ ಪಕ್ಕ ಬೇಡ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ನಮಗೇ ಕೆಮ್ಮು ತರಿಸುತ್ತದೆ, ಅಲ್ವಾ? ದೇವರ ಮನೆಯ ಊದುಬತ್ತಿ ಹೊಗೆ, ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ, ಯಾವುದೂ ಆ ಕೋಣೆಯಲ್ಲಿ ಇರಬಾರದು. ಸೊಳ್ಳೆ ಕಾಟ ಇದ್ದರೆ ಕಿಟಕಿಗೆ ಜಾಳಿಗೆ ಹಾಕಿಸಿ, ನೀವು ಸೊಳ್ಳೆ ಪರದೆಯೊಳಗೆ ಮಲಗಿ.

ಹಂತ 2: ಪಂಜರ ಮಾಡಿಸಿ

ಅಳತೆ: ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಇದಕ್ಕಿಂತ ಚಿಕ್ಕದು ಬೇಡ. ಎತ್ತರ ಕಡಿಮೆ ಮಾಡಿ ಅಗಲ ಹೆಚ್ಚಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮೂರಿನ ಅಂಗಡಿಗಳಲ್ಲಿ ಇಂಥ ಪಂಜರ ಸಿದ್ಧವಾಗಿ ಸಿಗುವುದು ಕಷ್ಟ. ಅದರ ಚಿಂತೆ ಬೇಡ. ಕಿಟಕಿಗೆ ಅಲ್ಯೂಮಿನಿಯಂ ಸೆಕ್ಷನ್ ಹಾಕುವ ಫ್ಯಾಬ್ರಿಕೇಶನ್ ಅಂಗಡಿಗೆ ಹೋಗಿ. "ನಾಲ್ಕಡಿ ಎತ್ತರದ ಸೊಳ್ಳೆ ಜಾಳಿಗೆ ಡಬ್ಬಿ, ಮುಂದೆ ಎರಡು ಬಾಗಿಲು" ಎಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಬಾಗಿಲು ಎರಡು ಯಾಕೆ ಅಂದರೆ, ಕೆಳಗಿನ ಬಾಗಿಲಿನಿಂದ ಟ್ರೇ ತೊಳೆಯುವಾಗ ಮೇಲೆ ಕೂತ ಪ್ರಾಣಿಗೆ ಗಾಬರಿಯಾಗಬಾರದು.

ಜಾಳಿಗೆ ಅಲ್ಯೂಮಿನಿಯಂದೇ ಆಗಲಿ. ಜಿಐ ಜಾಳಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ದಿನಾ ನೀರು ಬಿದ್ದು ತುಕ್ಕು ಹಿಡಿಯುತ್ತದೆ. ನೈಲಾನ್ ಜಾಳಿಗೆಯನ್ನು ಊಟಕ್ಕೆ ಬಿಡುವ ಚಿಮ್ಮುಂಡೆಗಳು, ಅಂದರೆ ಕ್ರಿಕೆಟ್ ಹುಳುಗಳು, ಒಂದೇ ರಾತ್ರಿಯಲ್ಲಿ ಕಚ್ಚಿ ತೂತು ಮಾಡುತ್ತವೆ. ಕೋಳಿ ಪಂಜರದ ವೆಲ್ಡೆಡ್ ಮೆಷ್ ನಾನು ಮೊದಲ ಸಲ ಬಳಸಿದ್ದೆ. ಕತ್ತರಿಸಿದ ತುದಿಗಳನ್ನು ಉಜ್ಜಿ ನಯ ಮಾಡಿದ್ದೇನೆ ಅಂದುಕೊಂಡಿದ್ದೆ. ಹನ್ನೊಂದನೇ ದಿನ ಮುಂಗಾಲಿನ ಒಂದು ಉಗುರು ಕಿತ್ತು ಬಂತು. ಈಗ ಪಂಜರ ಕೈಗೆ ಬಂದ ಕೂಡಲೇ ಹಳೆ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಒಳಗೆಲ್ಲ ಸವರುತ್ತೇನೆ. ಚೀಲದ ದಾರ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಗುರೂ ಸಿಕ್ಕಿಕೊಳ್ಳುತ್ತದೆ.

ಇನ್ನು ನಮ್ಮ ಹವೆಯ ವಿಷಯ. ಧಾರವಾಡದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಮಳೆ. ಹಾಕಿದ ಬಟ್ಟೆ ಎರಡು ದಿನ ಒಣಗುವುದಿಲ್ಲ. ಆಗ ನಾಲ್ಕೂ ಕಡೆ ಜಾಳಿಗೆ ಇರಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಗದಗ, ರೋಣ, ಲಕ್ಷ್ಮೇಶ್ವರದ ಕಡೆ ಫೆಬ್ರವರಿಯಿಂದಲೇ ಗಾಳಿ ಒಣ. ಅಲ್ಲಿ ಪೂರಾ ಜಾಳಿಗೆಯ ಪಂಜರದಲ್ಲಿ ಸಿಂಪಡಿಸಿದ ನೀರು ಹತ್ತು ನಿಮಿಷಕ್ಕೆ ಮಾಯ. ಇದಕ್ಕೆ ಉಪಾಯ ಸರಳ. ಎರಡು ಬದಿ ಮತ್ತು ಹಿಂಬದಿಗೆ ತೆಗೆದು ಹಾಕಲು ಬರುವ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಕತ್ತರಿಸಿಟ್ಟುಕೊಳ್ಳಿ. ಚಳಿಗಾಲ, ಬೇಸಿಗೆಯಲ್ಲಿ ಕ್ಲಿಪ್ ಹಾಕಿ ಸಿಕ್ಕಿಸಿ, ಮಳೆಗಾಲದಲ್ಲಿ ತೆಗೆಯಿರಿ. ಮುಂಬದಿ ಮತ್ತು ಮೇಲ್ಭಾಗ ಮಾತ್ರ ಯಾವತ್ತೂ ಜಾಳಿಗೆಯೇ.

ತಳಕ್ಕೆ ಮಣ್ಣು, ಮರಳು, ತೆಂಗಿನ ನಾರು ಏನೂ ಹಾಕಬೇಡಿ. ಹುಳು ಹಿಡಿಯಲು ನಾಲಿಗೆ ಚಾಚಿದಾಗ ಅದೂ ಬಾಯಿಗೆ ಹೋಗಿ ಕರುಳು ಕಟ್ಟಿಕೊಳ್ಳಬಹುದು. ಬರಿ ಟ್ರೇ, ಅದರ ಮೇಲೆ ಹಳೆ ಪೇಪರ್. ಟ್ರೇಯ ಒಂದು ಮೂಲೆಗೆ ಸಣ್ಣ ತೂತು, ಕೆಳಗೊಂದು ಬಕೆಟ್.

ಪಂಜರದ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ಹಿಂದೆ ಬೆಣ್ಣೆ-ತುಪ್ಪದ ಜಾಳಿಗೆ ಕಪಾಟಿಗೆ ಅಜ್ಜಿಯರು ಇಡುತ್ತಿದ್ದರಲ್ಲ, ಹಾಗೆಯೇ. ಮೊದಲ ಮಳೆ ಬಿದ್ದ ರಾತ್ರಿ ಕೆಂಪಿರುವೆಗಳು ಸಾಲುಗಟ್ಟಿ ಬರುತ್ತವೆ. ಮಲಗಿದ ಗೋಸುಂಬೆ ಅವುಗಳಿಂದ ತಪ್ಪಿಸಿಕೊಳ್ಳುವುದಿಲ್ಲ. ಇರುವೆ ಚಾಕ್ ಎಳೆಯಬೇಡಿ, ಅದೂ ವಿಷವೇ.

ಹಂತ 3: ಕೊಂಬೆ ಮತ್ತು ಗಿಡ

ಪೇರಲ ಕೊಂಬೆ ಒಳ್ಳೆಯದು. ಗಟ್ಟಿ, ತೊಗಟೆ ಅಂಟಿಲ್ಲ, ಎಲ್ಲರ ಹಿತ್ತಲಲ್ಲೂ ಇರುತ್ತದೆ. ದಾಸವಾಳದ ಕೊಂಬೆಯೂ ಆಗುತ್ತದೆ. ಔಷಧಿ ಹೊಡೆದ ತೋಟದ್ದು ತರಬೇಡಿ. ಬ್ರಷ್‌ನಿಂದ ತಿಕ್ಕಿ ತೊಳೆದು, ಕುದಿಯುವ ನೀರು ಸುರಿದು, ಎರಡು ದಿನ ಬಿಸಿಲಿಗೆ ಹಾಕಿ.

ದಪ್ಪ ಪೆನ್ಸಿಲಿನಿಂದ ಹೆಬ್ಬೆರಳಿನವರೆಗೆ ಬೇರೆ ಬೇರೆ ಇರಲಿ. ಪಾದದ ಎರಡು ಭಾಗ ಕೊಂಬೆಯನ್ನು ಸುತ್ತಿ ಹಿಡಿದಾಗ ತುದಿಗಳು ಹತ್ತಿರ ಹತ್ತಿರ ಬರಬೇಕು. ಅಡ್ಡಡ್ಡ ಕೊಂಬೆಗಳು ಹೆಚ್ಚು, ಉದ್ದುದ್ದ ಕಡಿಮೆ. ಒಂದರಿಂದ ಇನ್ನೊಂದಕ್ಕೆ ದಾರಿ ಇರಬೇಕು. ದಾರಿ ತಪ್ಪಿದರೆ ಜಾಳಿಗೆ ಹತ್ತಲು ಶುರು ಮಾಡುತ್ತದೆ, ಮತ್ತೆ ಉಗುರಿನ ಕಥೆ.

ಗಿಡ ನಿಜವಾದದ್ದೇ ಇರಲಿ. ವೇಲ್ಡ್ ಗೋಸುಂಬೆ ಎಲೆಯನ್ನೂ ಕಚ್ಚಿ ತಿನ್ನುತ್ತದೆ. ಪ್ಲಾಸ್ಟಿಕ್ ಎಲೆ ನುಂಗಿದರೆ ಅಪಾಯ. ನನ್ನ ಮೊದಲ ಆಯ್ಕೆ ದಾಸವಾಳ. ಎಲೆ ತಿನ್ನಲಿ, ಹೂ ತಿನ್ನಲಿ, ಏನೂ ಆಗುವುದಿಲ್ಲ. ಆದರೆ ಬೆಳಕು ಕಡಿಮೆಯಾದರೆ ಎಲೆ ಉದುರಿಸುತ್ತದೆ. ಹಾಗಾಗಿ ಎರಡು ಕುಂಡ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಬದಲಾಯಿಸಿ. ಮನಿ ಪ್ಲಾಂಟ್, ಶೆಫ್ಲೆರಾ ಕೂಡ ಎಲ್ಲರೂ ಬಳಸುತ್ತಾರೆ. ಕಣಗಿಲ, ಎಕ್ಕೆ, ದತ್ತೂರಿ, ಕಳ್ಳಿ, ಕ್ರೋಟನ್, ಡೈಫೆನ್‌ಬೇಕಿಯಾ ಪಂಜರದ ಹತ್ತಿರವೂ ಬೇಡ.

ನರ್ಸರಿಯಿಂದ ತಂದ ಗಿಡವನ್ನು ಅದೇ ದಿನ ಒಳಗಿಟ್ಟು ಪ್ರಾಣಿ ಕಳೆದುಕೊಂಡವರು ನನಗೆ ಗೊತ್ತು. ಎಲೆಯ ಮೇಲಿನ ಔಷಧಿ ತೊಳೆದರೆ ಹೋಗುತ್ತದೆ. ಬೇರಿನಿಂದ ಹೀರಿಕೊಂಡದ್ದು ಹೋಗುವುದಿಲ್ಲ. ಮಣ್ಣು ಪೂರಾ ಬದಲಾಯಿಸಿ, ಎಲೆ ತೊಳೆದು, ಒಂದು ತಿಂಗಳು ಹೊರಗಿಡಿ. ಅಷ್ಟರಲ್ಲಿ ಬರುವ ಹೊಸ ಚಿಗುರಿಗೆ ವಿಷ ಕಡಿಮೆ. ಇನ್ನೂ ಒಳ್ಳೆಯದೆಂದರೆ ನೆರೆಮನೆಯ ದಾಸವಾಳದ ಕಡ್ಡಿ ಕೇಳಿ ತಂದು ನೀವೇ ನೆಡುವುದು.

ಹಂತ 4: ಬೆಳಕು

ಇಡೀ ಕೆಲಸದಲ್ಲಿ ದುಡ್ಡು ಹೆಚ್ಚು ಹೋಗುವುದು ಇಲ್ಲಿ. ಉಳಿತಾಯ ಮಾಡಲು ಹೋಗಬಾರದ ಜಾಗವೂ ಇದೇ.

ಬಿಸಿಲಿನಲ್ಲಿ ಯುವಿಬಿ ಎಂಬ ಕಣ್ಣಿಗೆ ಕಾಣದ ಕಿರಣ ಇದೆ. ಅದು ಚರ್ಮಕ್ಕೆ ಬಿದ್ದರೆ ಡಿ3 ವಿಟಮಿನ್ ಆಗುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಎಲುಬಿಗೆ ಸೇರುತ್ತದೆ. ಇಲ್ಲದಿದ್ದರೆ ಎಲುಬು ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ಕೊನೆಗೆ ನಾಲಿಗೆ ಚಾಚಲೂ ಆಗುವುದಿಲ್ಲ. ಬಾಗಿದ ಎಲುಬು ಮತ್ತೆ ನೆಟ್ಟಗಾಗುವುದಿಲ್ಲ.

"ಕಿಟಕಿ ಹತ್ತಿರ ಇಟ್ಟಿದ್ದೇನೆ, ಬಿಸಿಲು ಬೀಳುತ್ತದೆ" ಎನ್ನುವವರಿಗೆ ಒಂದು ಮಾತು: ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ. ಬಿಸಿ ಮಾತ್ರ ಒಳಗೆ ಬರುತ್ತದೆ. ಅಂದರೆ ಬೇಡದ್ದು ಬರುತ್ತದೆ, ಬೇಕಾದದ್ದು ಬರುವುದಿಲ್ಲ.

ಬೇಕಾದದ್ದು ಹಲ್ಲಿ ಜಾತಿಯ ಪ್ರಾಣಿಗಳಿಗೆಂದೇ ಮಾಡಿದ, ಯುವಿಬಿ ಕೊಡುವ ಟಿ5 ಎಚ್‌ಒ ಎಂಬ ತೆಳ್ಳನೆ ಟ್ಯೂಬ್‌ಲೈಟ್. ಯುವಿಬಿ ಎಷ್ಟು ಎಂದು ತಿಳಿಸಲು ಡಬ್ಬಿಯ ಮೇಲೆ 5.0 ಅಥವಾ 6% ಎಂದಿರುತ್ತದೆ. ಪಂಜರದ ಅಗಲದಷ್ಟೇ ಉದ್ದದ್ದು ತನ್ನಿ, ತಕ್ಕ ಫಿಟ್ಟಿಂಗ್ ಜೊತೆಗೆ. ಜಾಳಿಗೆಯ ಮೇಲೆ ಇಡಿ. ಗೋಸುಂಬೆ ಕೂರುವ ಮೇಲಿನ ಕೊಂಬೆ ಟ್ಯೂಬಿನಿಂದ 20–25 ಸೆಂಟಿಮೀಟರ್ ಕೆಳಗೆ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ನಡುವೆ ಗಾಜು, ಪ್ಲಾಸ್ಟಿಕ್ ಏನೂ ಇರಬಾರದು. ಟ್ಯೂಬ್ ಉರಿಯುತ್ತಿದ್ದರೂ ಯುವಿಬಿ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬದಲಾಯಿಸಿ. ಹಾಕಿದ ತಾರೀಖನ್ನು ಮಾರ್ಕರಿನಿಂದ ಫಿಟ್ಟಿಂಗ್ ಮೇಲೆ ಬರೆದುಬಿಡಿ.

ಇಲ್ಲೊಂದು ದೊಡ್ಡ ಎಚ್ಚರಿಕೆ. ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ "ಯುವಿ ಟ್ಯೂಬ್ ಕೊಡಿ" ಎಂದು ಕೇಳಬೇಡಿ. ನೀರು ಶುದ್ಧ ಮಾಡುವ ಯಂತ್ರದ ಟ್ಯೂಬ್ ಕೈಗೆ ಬರಬಹುದು. ಅದು ಯುವಿಸಿ, ಕ್ರಿಮಿ ಕೊಲ್ಲುವ ಕಿರಣ. ಗೋಸುಂಬೆಯ ಕಣ್ಣೂ ಸುಡುತ್ತದೆ, ನಿಮ್ಮದೂ ಸುಡುತ್ತದೆ. ಸೊಳ್ಳೆ ಸೆಳೆಯುವ ನೀಲಿ ಟ್ಯೂಬಿನಿಂದಲೂ ಉಪಯೋಗವಿಲ್ಲ.

ಬೆಳಿಗ್ಗೆ 7ಕ್ಕೆ ಹತ್ತಿಸಿ, ಸಂಜೆ 7ಕ್ಕೆ ಆರಿಸಿ. ರಾತ್ರಿ ಪೂರಾ ಕತ್ತಲೆ, ಕೆಂಪು ಬಲ್ಬ್ ಕೂಡ ಬೇಡ. ಟೈಮರ್ ತರುವುದಾದರೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ತಿರುಗುವ ಚಕ್ರದ ಅಗ್ಗದ ಟೈಮರ್ ಕರೆಂಟು ಹೋದಾಗ ನಿಂತು, ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ದಿನಕ್ಕೆ ಒಂದು ತಾಸು ಕರೆಂಟು ಹೋದರೂ ವಾರದಲ್ಲಿ ನಿಮ್ಮ ಗೋಸುಂಬೆಗೆ ಮಧ್ಯಾಹ್ನ ಎರಡಕ್ಕೆ ಬೆಳಗಾಗುತ್ತದೆ.

ನಿಜವಾದ ಬಿಸಿಲಿಗೆ ಯಾವ ಟ್ಯೂಬೂ ಸಮನಲ್ಲ. ವಾರಕ್ಕೆ ಎರಡು-ಮೂರು ದಿನ ಬೆಳಿಗ್ಗೆ ಒಂಬತ್ತರೊಳಗೆ ಅರ್ಧ ತಾಸು ಜಾಳಿಗೆಯ ಪಂಜರದಲ್ಲೇ ಅಂಗಳಕ್ಕಿಡಿ. ಪಂಜರದ ಅರ್ಧ ಭಾಗಕ್ಕೆ ನೆರಳಿರಲಿ. ನೀವು ಪಕ್ಕದಲ್ಲೇ ಕೂತಿರಿ. ಕಾಗೆ, ಬೆಕ್ಕು ನಿಮಗಿಂತ ಚುರುಕು.

ಹಂತ 5: ಬಿಸಿ, ಅಥವಾ ಬಿಸಿಯಿಂದ ಕಾಪಾಡುವುದು

ಗೋಸುಂಬೆಗೆ ಮೈ ಕಾಯಿಸಿಕೊಳ್ಳಲು ಒಂದು ಜಾಗ ಬೇಕು. ಗಂಡಿಗೆ ಅಲ್ಲಿ 29–30 ಡಿಗ್ರಿ, ಹೆಣ್ಣಿಗೆ 27ರ ಸುಮಾರು. ಪಂಜರದ ಕೆಳಭಾಗ ಇದಕ್ಕಿಂತ ತಂಪು. ಬೇಕೆನಿಸಿದಾಗ ಮೇಲೆ ಹೋಗಬೇಕು, ಸಾಕೆನಿಸಿದಾಗ ಕೆಳಗೆ ಇಳಿಯಬೇಕು.

ನಮ್ಮಲ್ಲಿ ನವೆಂಬರ್‌ನಿಂದ ಜನವರಿವರೆಗೆ ಮತ್ತು ಧಾರವಾಡದ ಮಳೆಗಾಲದಲ್ಲಿ ಮಾತ್ರ ಬಲ್ಬಿನ ಅಗತ್ಯ. 40 ವ್ಯಾಟಿನ ಸಾದಾ ಹಳದಿ ಬಲ್ಬ್ ಅಥವಾ ಸಣ್ಣ ಹ್ಯಾಲೊಜನ್ ಸಾಕು. ಬೆಳಿಗ್ಗೆ ಮೂರ್ನಾಲ್ಕು ತಾಸು ಉರಿದರೆ ಆಯಿತು. ಪಂಜರದ ಹೊರಗೆ, ಜಾಳಿಗೆಯಿಂದ ಮೂರು-ನಾಲ್ಕು ಇಂಚು ಮೇಲೆ ನೇತುಹಾಕಿ. ಒಳಗೆ ಹಾಕಿದರೆ ಅದು ಬಲ್ಬನ್ನೇ ಅಪ್ಪಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಡಿಸೆಂಬರ್ ರಾತ್ರಿ 15ಕ್ಕೆ ಇಳಿದರೂ ಬೆಳೆದ ಆರೋಗ್ಯವಂತ ಗೋಸುಂಬೆ ತಾಳುತ್ತದೆ, ಬೆಳಿಗ್ಗೆ ಕಾಯಿಸಿಕೊಳ್ಳಲು ಜಾಗ ಇದ್ದರೆ ಸಾಕು. ಮರಿಗಳಿಗೆ ಮಾತ್ರ ಅಷ್ಟು ಚಳಿ ಬೇಡ.

ಉಷ್ಣಾಂಶ ಅಳೆಯುವಾಗ ಎಲ್ಲರೂ ಮಾಡುವ ತಪ್ಪು, ಥರ್ಮಾಮೀಟರನ್ನು ಗೋಡೆಗೆ ಅಂಟಿಸುವುದು. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ಅದರ ತುದಿಯನ್ನು ಕೊಂಬೆಯಿಂದ ಎರಡು ಇಂಚು ಮೇಲೆ ಕಟ್ಟಿ. ಗೋಸುಂಬೆ ಕೂತಾಗ ಅದರ ಬೆನ್ನು, ಕಿರೀಟ ಬರುವ ಎತ್ತರ ಅದು. ಸುಡುವುದು ಅಲ್ಲೇ.

ಮಾರ್ಚ್‌ನಿಂದ ಮೇವರೆಗೆ ಬಲ್ಬನ್ನು ಕಳಚಿಟ್ಟುಬಿಡಿ. ಪಂಜರದೊಳಗೆ 33 ದಾಟಿದರೆ ಏನಾದರೂ ಮಾಡಬೇಕು. ಗದಗದಂಥ ಒಣ ಬಿಸಿಲಿನಲ್ಲಿ ಪಂಜರದ ಒಂದು ಬದಿಯ ಪ್ಲಾಸ್ಟಿಕ್ ಶೀಟ್ ತೆಗೆದು, ಅಲ್ಲಿ ಒದ್ದೆ ಗೋಣಿಚೀಲ ಇಳಿಬಿಟ್ಟು, ಅದರ ಹೊರಗಿನಿಂದ ಫ್ಯಾನ್ ನಿಧಾನಕ್ಕೆ ಓಡಿಸಿ. ಮೂರು-ನಾಲ್ಕು ಡಿಗ್ರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಗಾಳಿ ನೇರ ಪ್ರಾಣಿಗೆ ಬಡಿಯಬಾರದು. ಕರೆಂಟು ಇಲ್ಲದಿದ್ದರೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ ಎರಡನ್ನು ಬಟ್ಟೆ ಸುತ್ತಿ ಜಾಳಿಗೆಯ ಮೇಲೆ ಮಲಗಿಸಿ. ಬಾಯಿ ತೆರೆದು, ಮೈ ಬಿಳಿಚಿಕೊಂಡು ಕೂತಿದ್ದರೆ ಅದಕ್ಕೆ ಬಿಸಿ ತಡೆಯಲಾಗುತ್ತಿಲ್ಲ ಎಂದೇ ಅರ್ಥ. ಆಗ ಕಾಯಬೇಡಿ, ತಂಪು ಕೋಣೆಗೆ ಒಯ್ಯಿರಿ.

ಹಂತ 6: ನೀರು

ಬಟ್ಟಲಿನಲ್ಲಿ ನೀರಿಟ್ಟು "ಕುಡೀತಾನೇ ಇಲ್ಲ" ಎಂದು ಫೋನ್ ಮಾಡುತ್ತಾರೆ. ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರು ಎಂದೇ ಗುರುತಿಸುವುದಿಲ್ಲ. ಎಲೆ ಮೇಲಿನ ಹನಿ ಹೊಳೆಯಬೇಕು, ಅಲುಗಾಡಬೇಕು. ಆಗ ಅದನ್ನು ನೆಕ್ಕುತ್ತದೆ.

ಬೆಳಿಗ್ಗೆ ಟ್ಯೂಬ್ ಹತ್ತುವ ಮೊದಲು ಎರಡು ನಿಮಿಷ, ರಾತ್ರಿ ಆರಿದ ಮೇಲೆ ಎರಡು ನಿಮಿಷ ಎಲೆಗಳಿಗೆ ಸಿಂಪಡಿಸಿ. ಗಿಡಕ್ಕೆ ಔಷಧಿ ಹೊಡೆಯುವ ಪಂಪಿನ ಹೊಸ ಬಾಟಲಿ ಸಾಕು. ಹಳೆಯದನ್ನು ತೊಳೆದು ಬಳಸಬೇಡಿ. ಮಧ್ಯಾಹ್ನ ಕುಡಿಯಲು ಹನಿ ನೀರಿನ ಏರ್ಪಾಟು ಬೇಕು. ಅದಕ್ಕೆ ಮೆಡಿಕಲ್ ಅಂಗಡಿಯ ಸಲೈನ್ ಸೆಟ್‌ನಂಥ ವಸ್ತು ಇನ್ನೊಂದಿಲ್ಲ. ಹೊಸದೇ ತನ್ನಿ. ಒಂದು ಲೀಟರ್ ಬಾಟಲಿಯ ಮುಚ್ಚಳಕ್ಕೆ ಅದರ ಮೊನೆ ಚುಚ್ಚಿ, ಬಾಟಲಿಯನ್ನು ಪಂಜರದ ಮೇಲೆ ತಲೆಕೆಳಗಾಗಿ ಕಟ್ಟಿ, ತಳದಲ್ಲಿ ಗಾಳಿಗೆ ಒಂದು ಸೂಜಿ ತೂತು ಮಾಡಿ. ಪೈಪಿನ ತುದಿ ಅಗಲವಾದ ದಾಸವಾಳದ ಎಲೆಯ ಮೇಲೆ ಬರಲಿ. ಚಕ್ರ ತಿರುಗಿಸಿ ಎರಡು ಸೆಕೆಂಡಿಗೆ ಒಂದು ಹನಿ ಬೀಳುವ ಹಾಗೆ ಮಾಡಿ. ಹನಿ ಎಲೆಯ ತುದಿಗೆ ಬಂದು, ಒಂದು ಕ್ಷಣ ತೂಗಿ, ಕೆಳಗಿನ ಎಲೆಗೆ ಬೀಳುತ್ತದೆ. ಮೊದಲು ಒಂದು ಕಣ್ಣು ಆ ಕಡೆ ತಿರುಗುತ್ತದೆ, ಆಮೇಲೆ ಇನ್ನೊಂದು. ಐದು ನಿಮಿಷ ಯೋಚನೆ ಮಾಡಿ, ಬಾಯಿ ಹಾಕುತ್ತದೆ. ನೀವು ಹತ್ತಿರ ನಿಂತಿದ್ದರೆ ಹಾಕುವುದಿಲ್ಲ.

ಯಾವ ನೀರು? ಹುಬ್ಬಳ್ಳಿ-ಧಾರವಾಡದ ನಲ್ಲಿ ನೀರನ್ನು ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಬಳಸಬಹುದು. ಬೋರ್‌ವೆಲ್ ನೀರು ಗಡಸಾಗಿದ್ದರೆ ಬೇಡ. ಎಲೆ ಮೇಲೆ ಬಿಳಿ ಪೊರೆ ಕೂರುತ್ತದೆ, ಸ್ಪ್ರೇ ಬಾಯಿ ಮೂರೇ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಇದಕ್ಕೆ ವಾರಗಟ್ಟಲೆ ಬರುತ್ತದೆ.

ಫಾಗರ್ ಎಂಬ ಮಂಜು ಹಾಯಿಸುವ ಯಂತ್ರ ಬೇಕಾ ಎಂದು ಕೇಳುತ್ತಾರೆ. ಚಳಿಗಾಲದ ಒಣ ರಾತ್ರಿಗಳಿಗೆ ಒಳ್ಳೆಯದು. ಹಗಲು ಬಿಸಿಯಲ್ಲಿ ಮಾತ್ರ ಬೇಡ. ಬಿಸಿಯೂ ತೇವವೂ ಒಟ್ಟಿಗೆ ನಿಂತರೆ ಶ್ವಾಸಕೋಶದ ಸೋಂಕಿಗೆ ನೀವೇ ಬಾಗಿಲು ತೆರೆದ ಹಾಗೆ. ಹಗಲು ತೇವಾಂಶ 30–50 ಶೇಕಡ ಇರಲಿ, ರಾತ್ರಿ 80 ದಾಟಿದರೂ ಸರಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಲೆಗಳು ಒಣಗಿರಬೇಕು.

ನೀರು ಸಾಕಾಗಿದೆಯೋ ಇಲ್ಲವೋ ಎಂದು ಹಿಕ್ಕೆ ನೋಡಿ ಹೇಳಬಹುದು. ಅದರಲ್ಲಿ ಕಂದು ಭಾಗ ಒಂದು, ಬಿಳಿ ಭಾಗ ಒಂದು. ಬಿಳಿ ಬಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ.

ಹಂತ 7: ಎರಡು ವಾರ ಖಾಲಿ ಓಡಿಸಿ

ಎಲ್ಲ ಜೋಡಿಸಿದ ಮೇಲೆ ಪ್ರಾಣಿ ತರಬೇಡಿ. ಹದಿನೈದು ದಿನ ಖಾಲಿ ಪಂಜರಕ್ಕೇ ದೀಪ ಹಾಕಿ, ನೀರು ಹೊಡೆಯಿರಿ. ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ, ಉಷ್ಣಾಂಶ ಮತ್ತು ತೇವಾಂಶ ಬರೆದಿಡಿ. ಮನೆಯವರು ನಗುತ್ತಾರೆ, ನಗಲಿ. ಟ್ರೇ ಸೋರುವುದು, ಟೈಮರ್ ಕೈಕೊಡುವುದು, ಇರುವೆ ದಾರಿ ಹುಡುಕುವುದು ಎಲ್ಲ ಈ ಹದಿನೈದು ದಿನದಲ್ಲೇ ಗೊತ್ತಾಗುತ್ತದೆ.

ಇದೇ ಸಮಯದಲ್ಲಿ ವೈದ್ಯರನ್ನೂ ಹುಡುಕಿ. ದನ, ನಾಯಿ ನೋಡುವ ಎಲ್ಲ ವೈದ್ಯರಿಗೂ ಸರೀಸೃಪಗಳ ಅನುಭವ ಇರುವುದಿಲ್ಲ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಂದ ವಿಚಾರಿಸಲು ಶುರು ಮಾಡಬಹುದು. ಯಾರೂ ಸಿಗದಿದ್ದರೆ ಸುಮ್ನೆ ಪ್ರಾಣಿ ತರಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಹಂತ 8: ಊಟ

ಮುಖ್ಯ ಊಟ ಕ್ರಿಕೆಟ್ ಹುಳು, ಅಂದರೆ ರಾತ್ರಿ ಚಿರ್ ಎನ್ನುವ ಚಿಮ್ಮುಂಡೆ. ಬೆಳೆದ ಗೋಸುಂಬೆಗೆ ದಿನ ಬಿಟ್ಟು ದಿನ ನಾಲ್ಕೈದು ಸಾಕು, ಮರಿಗೆ ದಿನಾ. ಹುಳುವಿನ ಗಾತ್ರ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಗಲ ಮೀರಬಾರದು. ಹುಳುವಿಗೆ ನೀವು ಏನು ತಿನ್ನಿಸುತ್ತೀರೋ ಅದೇ ಗೋಸುಂಬೆಗೆ ಹೋಗುತ್ತದೆ. ನುಗ್ಗೆಸೊಪ್ಪು, ಗಜ್ಜರಿ, ಕುಂಬಳಕಾಯಿ ಹಾಕಿ. ಕೊಡುವ ಮುಂಚೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ತೆಳ್ಳಗೆ ಹೊರಳಿಸಿ. ಡಿ3 ಮತ್ತು ವಿಟಮಿನ್ ಇರುವ ಪುಡಿ ತಿಂಗಳಿಗೆ ಎರಡೇ ಸಲ. ಜಾಸ್ತಿ ಹಾಕಿದರೆ ಅದೂ ತೊಂದರೆಯೇ. ತಿನ್ನದೆ ಉಳಿದ ಹುಳುಗಳನ್ನು ರಾತ್ರಿಯೊಳಗೆ ಹೊರಗೆ ತೆಗೆಯಿರಿ, ಮಲಗಿದ ಗೋಸುಂಬೆಯನ್ನು ಅವು ಕಚ್ಚುತ್ತವೆ.

ರೇಷ್ಮೆ ಹುಳು ಒಳ್ಳೆಯ ಊಟ, ಹಾವೇರಿ ಕಡೆಯವರಿಗೆ ಅದೃಷ್ಟ. ಆದರೆ ಬೆಳೆಗಾರರು ರೋಗ ಬರದಿರಲೆಂದು ಹುಳುಗಳ ಮೇಲೆ ಸುಣ್ಣ ಮತ್ತು ಸೋಂಕು ನಿವಾರಕ ಪುಡಿ ಉದುರಿಸುತ್ತಾರೆ. ಪುಡಿ ಹಾಕದ ಸಣ್ಣ ಹುಳುಗಳನ್ನೇ ಕೇಳಿ ತಂದು, ಔಷಧಿ ಹೊಡೆಯದ ಹಿಪ್ಪುನೇರಳೆ ಎಲೆ ಹಾಕಿ ಮನೆಯಲ್ಲಿ ನಾಲ್ಕು ದಿನ ಬೆಳೆಸಿ.

ಹೊಲದ ಮಿಡತೆ ಹಿಡಿದು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಪುಕ್ಕಟೆ ಸಿಗುತ್ತದಲ್ಲ! ಹತ್ತಿ ಹೊಲದ್ದು, ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲದ್ದು ಮುಟ್ಟಲೇಬೇಡಿ. ಎಷ್ಟು ಸಲ ಔಷಧಿ ಹೊಡೆಯುತ್ತಾರೆಂದು ನಿಮಗೇ ಗೊತ್ತು. ಮಿಂಚುಹುಳುವನ್ನೂ ಕೊಡಬೇಡಿ, ಅದರ ಮೈಯಲ್ಲೇ ವಿಷ ಇದೆ.

ಹಂತ 9: ಹೆಣ್ಣಾದರೆ ಇನ್ನೊಂದು ಕೆಲಸ

ಹೆಣ್ಣು ಗೋಸುಂಬೆ ಗಂಡಿನ ಮುಖ ನೋಡದೆಯೂ ಮೊಟ್ಟೆ ಇಡುತ್ತದೆ, ಕೋಳಿಯ ಹಾಗೆ. ಮರಿಯಾಗುವುದಿಲ್ಲ, ಆದರೆ ಮೊಟ್ಟೆ ಹೊರಗೆ ಬರಲೇಬೇಕು. ಮಣ್ಣು ತೋಡಲು ಜಾಗ ಇಲ್ಲದಿದ್ದರೆ ಒಳಗೇ ಹಿಡಿದಿಟ್ಟುಕೊಂಡು ಸಾಯುತ್ತದೆ. ಒಂದಡಿ ಆಳದ ಪ್ಲಾಸ್ಟಿಕ್ ಟಬ್ಬಿಗೆ ಅರ್ಧದಷ್ಟು ತೊಳೆದ ಮರಳು ತುಂಬಿ, ಕೈಯಲ್ಲಿ ಸುರಂಗ ತೋಡಿದರೆ ಕುಸಿಯದಷ್ಟು ಒದ್ದೆ ಮಾಡಿ. ಪಂಜರದ ತಳದಲ್ಲಿ ಯಾವಾಗಲೂ ಇರಲಿ. ಟ್ರೇಯಲ್ಲಿ ಮರಳು ಬೇಡ ಎಂದಿದ್ದೆ, ಈ ಟಬ್ಬಿಗೆ ಮಾತ್ರ ವಿನಾಯಿತಿ. ಅದು ತೋಡಲು ಶುರು ಮಾಡಿದಾಗ ಪಂಜರಕ್ಕೆ ಬಟ್ಟೆ ಮುಚ್ಚಿ ದೂರ ಹೋಗಿ. ಇಣುಕಿ ನೋಡಿದರೆ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತದೆ. ಊಟ ಜಾಸ್ತಿ ಕೊಟ್ಟು, ಬಿಸಿ ಜಾಸ್ತಿ ಇಟ್ಟರೆ ಮೊಟ್ಟೆಯೂ ಜಾಸ್ತಿ. 27 ಡಿಗ್ರಿ ಎಂದು ಮೇಲೆ ಹೇಳಿದ್ದು ಅದಕ್ಕೇ.

ತಂದ ಮೇಲೆ ಮೊದಲ ವಾರ

ಪ್ರಯಾಣದ ಡಬ್ಬಿಯನ್ನು ಪಂಜರದೊಳಗೆ ಕೊಂಬೆಗೆ ತಾಗಿಸಿಟ್ಟು, ತೆರೆದು, ಬಾಗಿಲು ಹಾಕಿ. ತಾನಾಗಿ ಹತ್ತಲಿ. ಕೈಯಲ್ಲಿ ಎತ್ತಿ ಫೋಟೊ ತೆಗೆಯುವುದು, ಪಕ್ಕದ ಮನೆಯ ಮಕ್ಕಳನ್ನು ಕರೆಯುವುದು ಒಂದು ತಿಂಗಳು ಬೇಡ. ಎರಡು-ಮೂರು ದಿನ ಊಟ ಮುಟ್ಟದಿದ್ದರೆ ಗಾಬರಿ ಬೇಡ, ಹನಿ ನೀರು ಮಾತ್ರ ತಪ್ಪಿಸಬೇಡಿ.

ಮೊದಲ ರಾತ್ರಿ ದೀಪ ಆರಿ ಒಂದು ತಾಸಾದ ಮೇಲೆ ಮೊಬೈಲ್ ಬೆಳಕನ್ನು ನೆಲಕ್ಕೆ ಹಿಡಿದು ದೂರದಿಂದ ಒಮ್ಮೆ ನೋಡಿ. ಮೇಲಿನ ಕೊಂಬೆಯ ತುದಿಯಲ್ಲಿ, ಬಾಲ ಸುರುಳಿ ಸುತ್ತಿ, ಮೈ ತಿಳಿಹಸಿರಿಗೆ ತಿರುಗಿ, ಕಣ್ಣು ಮುಚ್ಚಿ ಮಲಗಿದ್ದರೆ ಪಂಜರ ಅದಕ್ಕೆ ಒಪ್ಪಿದೆ. ಇದೇ ಮುಚ್ಚಿದ ಕಣ್ಣು ಹಗಲು ಹೊತ್ತಿನಲ್ಲಿ ಕಂಡರೆ, ಅಥವಾ ಪಂಜರದ ತಳದಲ್ಲಿ ಸುಮ್ಮನೆ ಕೂತಿದ್ದರೆ, ಮರುದಿನದವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ನೀವು ಬರೆದಿಟ್ಟ ಉಷ್ಣಾಂಶದ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಅವರು ಮೊದಲು ಕೇಳುವುದೇ ಅದನ್ನು.